ಕಣ್ಣೆದುರಿನ ಫೈಲು ‘ಇಲ್ಲ’ ಎಂದಾಗ: ಬೋರ್ಡಿಗಾಗಿ ಪುಟ್ಟ ಲಿನಕ್ಸ್ ಕಟ್ಟುವುದು

ಬೆಂಗಳೂರಿನಲ್ಲಿ ಎಂಬೆಡೆಡ್ ಕೆಲಸಕ್ಕೆ ಹೊಸದಾಗಿ ಇಳಿದ ಎಂಜಿನಿಯರುಗಳಿಗೂ ವಿದ್ಯಾರ್ಥಿಗಳಿಗೂ ಕನ್ನಡದಲ್ಲಿ ಕೊಟ್ಟ ಉಪನ್ಯಾಸದ ಬರಹ ರೂಪ. ಆಜ್ಞೆ, ಫೈಲಿನ ಹೆಸರು, ದೋಷ ಸಂದೇಶಗಳನ್ನು ಬಾಯಲ್ಲಿ ಹೇಳಿದ ಹಾಗೆಯೇ ಬರೆದಿದೆ. ಟರ್ಮಿನಲ್ಲಿನಲ್ಲಿ ಹಾಕುವಾಗ ಇಂಗ್ಲಿಷ್ ಅಕ್ಷರಕ್ಕೆ ತಿರುಗಿಸಿಕೊಳ್ಳಿ.

ಎಲ್ಲರಿಗೂ ನಮಸ್ಕಾರ. ಪರದೆಯ ಮೇಲಿರುವುದು ಒಂದು ಬೋರ್ಡಿನ, ಅಂದರೆ ಲಿನಕ್ಸ್ ಓಡಿಸುವ ಪುಟ್ಟ ಕಂಪ್ಯೂಟರ್ ಹಲಗೆಯ, ಶೆಲ್ಲು (ಆಜ್ಞೆ ಟೈಪ್ ಮಾಡುವ ಜಾಗ). ಎಲ್‌ಎಸ್ ಕೊಟ್ಟರೆ ‘ಹಲೋ’ ಎಂಬ ಫೈಲು ಕಾಣುತ್ತದೆ. ಓಡಿಸುವ ಅನುಮತಿಯೂ ಇದೆ. ಡಾಟ್ ಸ್ಲ್ಯಾಶ್ ಹಲೋ ಎಂದು ಕೊಟ್ಟ ಕೂಡಲೇ ‘ನಾಟ್ ಫೌಂಡ್’ ಎಂದು ಬರುತ್ತದೆ. ಫೈಲು ಕಣ್ಣೆದುರೇ ಇದೆ, ಶೆಲ್ಲು ಇಲ್ಲ ಅನ್ನುತ್ತದೆ. ಈ ಕೆಲಸಕ್ಕೆ ಕೈ ಹಾಕಿದವರೆಲ್ಲ ಒಂದಲ್ಲ ಒಂದು ದಿನ ಈ ಸಾಲಿನ ಮುಂದೆ ಕೂತು ತಲೆ ಕೆರೆದುಕೊಂಡಿರುತ್ತಾರೆ.

ಶೆಲ್ಲು ಸುಳ್ಳು ಹೇಳುತ್ತಿಲ್ಲ. ಇಲ್ಲದಿರುವುದು ಹಲೋ ಅಲ್ಲ, ಹಲೋವನ್ನು ಮೆಮೊರಿಗೆ ಏರಿಸಬೇಕಾದ ಲೋಡರ್. ಡೈನಮಿಕ್ ಲಿಂಕ್ ಆದ (ಬೇಕಾದ ಲೈಬ್ರರಿಗಳನ್ನು ಓಡುವಾಗ ಸೇರಿಸಿಕೊಳ್ಳುವ) ಪ್ರತಿ ಪ್ರೋಗ್ರಾಮಿನ ಹೊಟ್ಟೆಯೊಳಗೆ ಅದರ ಲೋಡರ್ ಎಲ್ಲಿದೆ ಎಂಬ ದಾರಿ ಬರೆದಿರುತ್ತದೆ. ಜಿಲಿಬ್‌ಸಿ ಎಂಬ ಸಿ ಲೈಬ್ರರಿಗೆ (ಸಿ ಪ್ರೋಗ್ರಾಮುಗಳೆಲ್ಲ ಬಳಸುವ ಮೂಲ ಫಂಕ್ಷನ್ನುಗಳ ಕಟ್ಟು) ಕಟ್ಟಿದ 32 ಬಿಟ್ ಹಾರ್ಡ್ ಫ್ಲೋಟ್ ಆರ್ಮ್ ಪ್ರೋಗ್ರಾಮು /ಲಿಬ್/ಎಲ್‌ಡಿ-ಲಿನಕ್ಸ್-ಆರ್ಮ್‌ಎಚ್‌ಎಫ್.ಎಸ್‌ಒ.3 ಎಂಬ ಫೈಲನ್ನು ಕೇಳುತ್ತದೆ. ಈ ಬೋರ್ಡಿನಲ್ಲಿರುವುದು ಮಸಲ್ ಎಂಬ ಇನ್ನೊಂದು ಸಿ ಲೈಬ್ರರಿ. ಅದರ ಲೋಡರ್ ಹೆಸರು ಎಲ್‌ಡಿ-ಮಸಲ್-ಆರ್ಮ್‌ಎಚ್‌ಎಫ್.ಎಸ್‌ಒ.1. ಕೇಳಿದ್ದು ಸಿಗಲಿಲ್ಲ, ಕರ್ನಲ್ (ಲಿನಕ್ಸಿನ ತಿರುಳು) ‘ಅಂಥ ಫೈಲಿಲ್ಲ’ ಎಂದಿತು, ಶೆಲ್ಲು ಅದನ್ನೇ ನಮಗೆ ದಾಟಿಸಿತು. ಲ್ಯಾಪ್‌ಟಾಪಿನಲ್ಲಿ ‘ರೀಡ್‌ಎಲ್ಫ್ ಮೈನಸ್ ಎಲ್’ ಕೊಟ್ಟು ‘ರಿಕ್ವೆಸ್ಟಿಂಗ್ ಪ್ರೋಗ್ರಾಮ್ ಇಂಟರ್‌ಪ್ರಿಟರ್’ ಎಂಬ ಸಾಲು ನೋಡಿದರೆ ಅರ್ಧ ನಿಮಿಷದಲ್ಲಿ ವಿಷಯ ಬಯಲು.

ಇವತ್ತಿನ ಮಾತೆಲ್ಲ ಇದರ ಸುತ್ತವೇ. ಕ್ರಾಸ್ ಕಂಪೈಲ್ ಮಾಡುವಾಗ ಎರಡು ಯಂತ್ರ ಇರುತ್ತವೆ: ಕಟ್ಟುವ ಲ್ಯಾಪ್‌ಟಾಪು, ಓಡಿಸುವ ಬೋರ್ಡು. ಬರುವ ದೋಷಗಳಲ್ಲಿ ಹೆಚ್ಚಿನವು ಒಂದರ ವಸ್ತು ಇನ್ನೊಂದರೊಳಗೆ ನುಸುಳಿದ್ದರಿಂದ ಬಂದವು. ಆದ್ದರಿಂದ ಯಾವ ಫೈಲು, ಯಾವ ಹೆಡರ್, ಯಾವ ದಾರಿ ಕಂಡರೂ ‘ಇದು ಯಾರ ಮನೆಯದು?’ ಎಂದು ಕೇಳಿಕೊಳ್ಳಬೇಕು.

ಅಳತೆಯ ರವಿಕೆ

ರವಿಕೆ ಹೊಲಿಸಲು ಟೈಲರ್ ಹತ್ತಿರ ಹೋಗುವಾಗ ಅಳತೆಗೆಂದು ಹಳೆಯ ರವಿಕೆಯೊಂದನ್ನು ಕೊಟ್ಟು ಬರುತ್ತೇವಲ್ಲ, ಸಿಸ್‌ರೂಟ್ ಅಂದರೆ ಅದೇ. ತೊಡುವವರು ಅಂಗಡಿಯಲ್ಲಿ ಕೂತಿಲ್ಲ, ಅವರ ಅಳತೆ ಇದೆ. ಬೋರ್ಡಿನಲ್ಲಿರುವ ಸಿ ಲೈಬ್ರರಿ, ಅದರ ಹೆಡರುಗಳು, ಕರ್ನಲ್ ಹೆಡರುಗಳು, ಜೊತೆಗಿನ ಬೇರೆ ಲೈಬ್ರರಿಗಳು, ಇಷ್ಟರ ಪ್ರತಿಯೊಂದು ಲ್ಯಾಪ್‌ಟಾಪಿನ ಒಂದು ಫೋಲ್ಡರಿನಲ್ಲಿ ಇರುತ್ತದೆ. ಕಂಪೈಲರ್ ಅದನ್ನು ನೋಡಿ ಕತ್ತರಿಸಬೇಕು. ತನ್ನದೇ ಮೈ ಅಳತೆ, ಅಂದರೆ ಲ್ಯಾಪ್‌ಟಾಪಿನ /ಯುಎಸ್‌ಆರ್/ಇನ್‌ಕ್ಲೂಡ್, ನೋಡಿ ಕತ್ತರಿಸಿದರೆ ಕೆಟ್ಟಿತು.

ಟೂಲ್‌ಚೈನ್ ಅಂದರೆ ನಾಲ್ಕು ಭಾಗ: ಬಿನ್‌ಯುಟಿಲ್ಸ್ (ಲಿಂಕರ್ ಮುಂತಾದವು), ಜಿಸಿಸಿ (ಕಂಪೈಲರ್), ಸಿ ಲೈಬ್ರರಿ, ಕರ್ನಲ್ ಹೆಡರುಗಳು. ಅದರ ಹೆಸರಿನಲ್ಲೇ ಅದರ ಜಾತಕ ಇರುತ್ತದೆ. ‘ಆರ್ಮ್-ಲಿನಕ್ಸ್-ಗ್ನೂಇಎಬಿಐಎಚ್‌ಎಫ್’ ಎಂದರೆ ಪ್ರೊಸೆಸರ್ ಆರ್ಮ್, ಓಎಸ್ ಲಿನಕ್ಸ್, ಲೈಬ್ರರಿ ಜಿಲಿಬ್‌ಸಿ, ಕೊನೆಯ ಎಚ್‌ಎಫ್ ಅಂದರೆ ದಶಮಾಂಶ ಸಂಖ್ಯೆಗಳನ್ನು ಫ್ಲೋಟಿಂಗ್ ಪಾಯಿಂಟ್ ರಿಜಿಸ್ಟರುಗಳಲ್ಲೇ ಫಂಕ್ಷನ್ನಿಗೆ ಕೊಡುವ ಪದ್ಧತಿ. ಎಚ್‌ಎಫ್ ಇರುವ ಒಂದು ಆಬ್ಜೆಕ್ಟ್ ಫೈಲನ್ನೂ ಇಲ್ಲದ ಒಂದನ್ನೂ ಸೇರಿಸಲು ಹೋದರೆ ‘ಯೂಸಸ್ ವಿಎಫ್‌ಪಿ ರಿಜಿಸ್ಟರ್ ಆರ್ಗ್ಯುಮೆಂಟ್ಸ್’ ಎಂದು ಲಿಂಕರ್ ತಕರಾರು ತೆಗೆಯುತ್ತದೆ. ಇದು ಇವತ್ತಿನ ತಲೆನೋವೇನಲ್ಲ. 2001ರಲ್ಲಿ ಇದೇ ಬೆಂಗಳೂರಿನಲ್ಲಿ ಬೆಳಕಿಗೆ ಬಂದ ಸಿಂಪ್ಯೂಟರ್, ಸ್ಟ್ರಾಂಗ್‌ಆರ್ಮ್ ಚಿಪ್ಪಿನ ಮೇಲೆ ಲಿನಕ್ಸ್ ಓಡಿಸುತ್ತಿತ್ತು. ಆ ಚಿಪ್ಪಿನಲ್ಲಿ ಫ್ಲೋಟಿಂಗ್ ಪಾಯಿಂಟ್ ಘಟಕವೇ ಇರಲಿಲ್ಲ; ದಶಮಾಂಶದ ಲೆಕ್ಕವೆಲ್ಲ ಸಾಫ್ಟ್‌ವೇರಿನಲ್ಲೇ ಆಗಬೇಕಿತ್ತು.

ಹೆಸರಿನಲ್ಲಿ ‘ನನ್-ಇಎಬಿಐ’ ಇದ್ದರೆ ಅದು ಓಎಸ್ ಇಲ್ಲದ ಮೈಕ್ರೋಕಂಟ್ರೋಲರುಗಳಿಗೆ ಮಾಡಿದ ಟೂಲ್‌ಚೈನ್. ಎಸ್‌ಟಿಎಂ32 ಎಂಬ ಮೈಕ್ರೋಕಂಟ್ರೋಲರಿನ ಕೆಲಸ ಮಾಡಿದವರ ಲ್ಯಾಪ್‌ಟಾಪಿನಲ್ಲಿ ಅದು ಇದ್ದೇ ಇರುತ್ತದೆ, ಅದನ್ನೇ ಇಲ್ಲೂ ಹಚ್ಚುತ್ತಾರೆ. ಯು-ಬೂಟ್ (ಕರ್ನಲ್ಲನ್ನು ಎಬ್ಬಿಸುವ ಬೂಟ್ ಲೋಡರ್), ಕರ್ನಲ್ ಎರಡಕ್ಕೂ ಸಿ ಲೈಬ್ರರಿ ಬೇಡ, ಹಾಗಾಗಿ ಅವು ಅದರಿಂದಲೂ ಕಟ್ಟಿಕೊಳ್ಳಬಹುದು. ಮಾಮೂಲಿ ಲಿನಕ್ಸ್ ಪ್ರೋಗ್ರಾಮು ಮಾತ್ರ ಆಗುವುದಿಲ್ಲ. ಅರ್ಧ ದಾರಿ ನಡೆದು ನಿಲ್ಲುವುದರಿಂದ ಗೊಂದಲ ಇನ್ನೂ ಹೆಚ್ಚು.

ಹೆಸರು ಹೊಂದಿದರೂ ಕೈಕೊಡುವ ಒಂದು ಜಾಗ ಇದೆ. ಉಬುಂಟು, ಡೆಬಿಯನ್ ಕೊಡುವ ‘ಗ್ನೂಇಎಬಿಐಎಚ್‌ಎಫ್’ ಕಂಪೈಲರ್ ಆರ್ಮ್ ವಿ7 ಸೂಚನೆಗಳನ್ನು ಹೊರಡಿಸುತ್ತದೆ. ರಾಸ್ಪ್‌ಬೆರಿ ಪೈ ಝೀರೋದ ಮೊದಲ ಮಾದರಿಯಲ್ಲಿರುವುದು ಆರ್ಮ್ 1176, ಅದು ವಿ6. ಅಲ್ಲಿ ಓಡಿಸಿದರೆ ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’. ‘ಮೈನಸ್ ಎಂಆರ್ಚ್ ಆರ್ಮ್‌ವಿ6’ ಹಾಕಿದೆ, ಸ್ಟ್ಯಾಟಿಕ್ ಲಿಂಕೂ (ಲೈಬ್ರರಿಯನ್ನು ಪ್ರೋಗ್ರಾಮಿನೊಳಗೇ ಸೇರಿಸುವುದು) ಮಾಡಿದೆ, ಆದರೂ ಅದೇ ಗೋಳು ಎಂದು ಹೇಳುವವರಿದ್ದಾರೆ. ಆ ಆಯ್ಕೆ ನಿಮ್ಮ ಸೋರ್ಸನ್ನು ಮಾತ್ರ ವಿ6 ಮಾಡುತ್ತದೆ. ಜೊತೆಗೆ ಬಂದು ಸೇರುವ ಸ್ಟಾರ್ಟಪ್ ಕೋಡು ಮತ್ತು ಲಿಬ್‌ಸಿ ಮೊದಲೇ ವಿ7ಕ್ಕೆ ಕಟ್ಟಿಟ್ಟವು. ‘ರೀಡ್‌ಎಲ್ಫ್ ಮೈನಸ್ ಎ’ (ಇದು ದೊಡ್ಡ ಎ) ಕೊಟ್ಟರೆ ‘ಟ್ಯಾಗ್ ಸಿಪಿಯು ಆರ್ಚ್’ ಎದುರು ವಿ7 ಎಂದೇ ಇರುತ್ತದೆ. ಟೂಲ್‌ಚೈನೇ ವಿ6ಕ್ಕೆ ಕಟ್ಟಿದ್ದಾಗಿರಬೇಕು, ಬೇರೆ ದಾರಿಯಿಲ್ಲ.

ಲೈಬ್ರರಿಯ ಆವೃತ್ತಿ ಇನ್ನೊಂದು. ಉಬುಂಟು 22.04ರಲ್ಲಿ ಜಿಲಿಬ್‌ಸಿ 2.35 ಇದೆ. ಅಲ್ಲಿ ಕಟ್ಟಿದ್ದನ್ನು 2.31 ಇರುವ ಬೋರ್ಡಿಗೆ ಒಯ್ದರೆ ‘ಜಿಲಿಬ್‌ಸಿ 2.34 ನಾಟ್ ಫೌಂಡ್’ ಎನ್ನುತ್ತದೆ. ಮುಖ್ಯ ಫಂಕ್ಷನ್ನನ್ನು ಶುರು ಮಾಡುವ ಕೋಡಿನ ಗುರುತೇ 2.34ರಲ್ಲಿ ಬದಲಾಯಿತು, ಹಾಗಾಗಿ ಖಾಲಿ ಪ್ರೋಗ್ರಾಮ್ ಕೂಡ ಏಳುವುದಿಲ್ಲ. ಹಳೆಯದರಲ್ಲಿ ಕಟ್ಟಿದ್ದು ಹೊಸದರಲ್ಲಿ ಓಡುತ್ತದೆ, ಹೊಸದರಲ್ಲಿ ಕಟ್ಟಿದ್ದು ಹಳೆಯದರಲ್ಲಿ ಓಡುವ ಭರವಸೆ ಇಲ್ಲ. ಕರ್ನಲ್ ಹೆಡರುಗಳಿಗೂ ಇಂಥದೇ ನಿಯಮ: ಟೂಲ್‌ಚೈನಿನ ಹೆಡರುಗಳು ಬೋರ್ಡಿನ ಕರ್ನಲ್ಲಿಗಿಂತ ಹೊಸದಾಗಿರಬಾರದು.

ಯಾವ ಸಿ ಲೈಬ್ರರಿ ಎಂಬುದಕ್ಕೆ ನಮ್ಮ ಸಲಹೆ ಇಷ್ಟೆ. ಎಲ್ಲ ಸೋರ್ಸೂ ಕೈಯಲ್ಲಿದ್ದರೆ, ಫ್ಲ್ಯಾಶ್ 16 ಎಂಬಿಯಷ್ಟು ಸಣ್ಣದಿದ್ದರೆ ಮಸಲ್. ಮೋಡೆಮ್, ಕ್ಯಾಮೆರಾ, ಜಿಪಿಯುಗೆಂದು ಚಿಪ್ ಮಾರುವವರು ಸೋರ್ಸ್ ಇಲ್ಲದ ಲೈಬ್ರರಿ ಕೊಟ್ಟಿದ್ದರೆ ಜಿಲಿಬ್‌ಸಿ. ಅವು ಜಿಲಿಬ್‌ಸಿಗೇ ಕಟ್ಟಿದವಾಗಿರುತ್ತವೆ, ವಾದ ಮಾಡಿ ಫಲವಿಲ್ಲ.

ಕೈಯಾರೆ ಕಟ್ಟಬೇಕೆ?

ಬೇಡ. ಒಮ್ಮೆ ಕಲಿಯಲು ಮಾಡಿ, ಉತ್ಪನ್ನಕ್ಕೆ ಬೇಡ. ಟೂಲ್‌ಚೈನ್ ಕಟ್ಟುವುದರಲ್ಲಿ ಕೋಳಿ ಮೊದಲೋ ಮೊಟ್ಟೆ ಮೊದಲೋ ಎಂಬ ತೊಡಕಿದೆ. ಪೂರ್ಣ ಜಿಸಿಸಿಗೆ ಸಿ ಲೈಬ್ರರಿ ಬೇಕು, ಸಿ ಲೈಬ್ರರಿ ಕಟ್ಟಲು ಜಿಸಿಸಿ ಬೇಕು. ಅದಕ್ಕೇ ಬಿನ್‌ಯುಟಿಲ್ಸ್ ಆದಮೇಲೆ ಸಿ ಭಾಷೆ ಮಾತ್ರ ಬಲ್ಲ ಅರೆ ಜಿಸಿಸಿ, ಅದರಿಂದ ಲಿಬ್‌ಸಿ, ಆಮೇಲೆ ಮತ್ತೆ ಪೂರ್ತಿ ಜಿಸಿಸಿ. ಬಿಲ್ಡ್‌ರೂಟ್ ಎಂಬ, ಬೋರ್ಡಿನ ಇಡೀ ಲಿನಕ್ಸನ್ನು ಕಟ್ಟಿಕೊಡುವ ಸಲಕರಣೆ ಇದನ್ನೆಲ್ಲ ತಾನೇ ಮಾಡುತ್ತದೆ.

ಇದೇ ಕೆಲಸದ ಇನ್ನೊಂದು ಸಲಕರಣೆ ಯೋಕ್ಟೊ ಏಕಲ್ಲ ಎಂದು ಕೇಳುವವರಿರುತ್ತಾರೆ. ಒಂದೇ ಕೋಡಿನಿಂದ ಹತ್ತು ಬಗೆಯ ಬೋರ್ಡಿಗೆ ಚಿತ್ರಿಕೆ (ಇಮೇಜ್, ಕಾರ್ಡಿಗೆ ಬರೆಯುವ ಫೈಲು) ತೆಗೆಯುವ, ನಾಲ್ಕು ತಂಡ ಸೇರಿ ದುಡಿಯುವ ಕಡೆ ಯೋಕ್ಟೊ ಸರಿ. ಅದಕ್ಕೆ ಡಿಸ್ಕಿನಲ್ಲಿ ನೂರು ಜಿಬಿ ಆಸುಪಾಸು ಜಾಗ ಬೇಕು, ಕಲಿಯಲು ತಾಳ್ಮೆ ಬೇಕು. ಪೀಣ್ಯದ ಸಣ್ಣ ಕಾರ್ಖಾನೆಯೊಂದರಲ್ಲಿ ಇಬ್ಬರೇ ಕೂತು ಒಂದು ಡೇಟಾ ಲಾಗರ್ ಮಾಡುತ್ತಿದ್ದರೆ ಬಿಲ್ಡ್‌ರೂಟ್ ಸಾಕು. ಅದು ಮೇಕ್ ಮತ್ತು ಕೆಕಾನ್ಫಿಗ್ (ಆಯ್ಕೆಗಳ ಮೆನು) ಬಿಟ್ಟು ಬೇರೇನನ್ನೂ ಕೇಳುವುದಿಲ್ಲ. ಕೆಟ್ಟಾಗ ಎಲ್ಲಿ ಕೆಟ್ಟಿದೆ ಎಂದು ಓದಿಯೇ ತಿಳಿಯಬಹುದು.

ಬೀಗಲ್‌ಬೋನ್ ಬ್ಲ್ಯಾಕ್ ಎಂಬ ಬೋರ್ಡು ಇಟ್ಟುಕೊಂಡು ನೋಡೋಣ. ಚಿಪ್ಪು ಎಎಂ3358, ಒಂದು ಕಾರ್ಟೆಕ್ಸ್ ಎ8 ಕೋರ್, 512 ಎಂಬಿ ರ‍್ಯಾಮ್. ಬಿಲ್ಡ್‌ರೂಟ್ ಆವೃತ್ತಿಗಳು ಮೂರು ತಿಂಗಳಿಗೊಮ್ಮೆ ಬರುತ್ತವೆ: 02, 05, 08, 11. ಫೆಬ್ರವರಿಯದು ದೀರ್ಘಕಾಲ ನೋಡಿಕೊಳ್ಳುವ ಆವೃತ್ತಿ, ಅದನ್ನೇ ಹಿಡಿಯಿರಿ. ಮಾಮೂಲಿ ಬಳಕೆದಾರರಾಗಿಯೇ ಓಡಿಸಿ, ಸುಡೋ ಬೇಡ. ‘ಮೇಕ್ ಬೀಗಲ್‌ಬೋನ್ ಅಂಡರ್‌ಸ್ಕೋರ್ ಡೆಫ್‌ಕಾನ್ಫಿಗ್’, ಆಮೇಲೆ ‘ಮೇಕ್ ಮೆನುಕಾನ್ಫಿಗ್’, ಆಮೇಲೆ ಬರೀ ‘ಮೇಕ್’. ಮೆನುವಿನಲ್ಲಿ ಟೂಲ್‌ಚೈನನ್ನು ‘ಎಕ್ಸ್‌ಟರ್ನಲ್’ ಮಾಡಿ ಬೂಟ್ಲಿನ್ ಕಂಪನಿಯವರು ಕಟ್ಟಿಟ್ಟದ್ದನ್ನು ಆರಿಸಿದರೆ ಜಿಸಿಸಿ ಕಟ್ಟುವ ಕಾಲವೆಲ್ಲ ಉಳಿಯುತ್ತದೆ. ವಿಂಡೋಸ್ ಒಳಗಿನ ಲಿನಕ್ಸ್ ಬಳಸುವವರಿಗೆ ಬಾಗಿಲಲ್ಲೇ ತಡೆ: ಪಾತ್ ವೇರಿಯಬಲ್ಲಿನಲ್ಲಿ ‘ಪ್ರೋಗ್ರಾಮ್ ಫೈಲ್ಸ್’ ಎಂದು ನಡುವೆ ಖಾಲಿ ಜಾಗವಿರುವ ದಾರಿಗಳು ಬಂದು ಸೇರಿಕೊಂಡಿರುತ್ತವೆ, ಬಿಲ್ಡ್‌ರೂಟ್ ಒಪ್ಪುವುದಿಲ್ಲ. ಅವನ್ನು ತೆಗೆದು ಓಡಿಸಿ.

ಮುಗಿದ ಮೇಲೆ ಔಟ್‌ಪುಟ್/ಇಮೇಜಸ್ ಒಳಗೆ ಎಸ್‌ಡಿಕಾರ್ಡ್.ಐಎಂಜಿ ಇರುತ್ತದೆ. ಅದನ್ನು ‘ಡಿಡಿ’ಯಿಂದ ಕಾರ್ಡಿಗೆ ಬರೆಯಿರಿ. ಬರೆಯುವ ಮುಂಚೆ ‘ಎಲ್‌ಎಸ್‌ಬಿಎಲ್‌ಕೆ’ ಕೊಟ್ಟು ಕಾರ್ಡು ಎಸ್‌ಡಿಬಿಯೋ ಎಸ್‌ಡಿಸಿಯೋ ನೋಡಿಕೊಳ್ಳಿ. ಒಂದಕ್ಷರ ತಪ್ಪಿದರೆ ಲ್ಯಾಪ್‌ಟಾಪಿನ ಡಿಸ್ಕೇ ಹೋದೀತು.

ಪಕ್ಕದಲ್ಲೇ ಔಟ್‌ಪುಟ್/ಟಾರ್ಗೆಟ್ ಎಂಬ ಫೋಲ್ಡರ್ ಕಾಣುತ್ತದೆ, ನೋಡಲು ಥೇಟ್ ಬೋರ್ಡಿನ ರೂಟ್ ಫೈಲ್‌ಸಿಸ್ಟಮ್. ಅದನ್ನೇ ಕಾಪಿ ಹೊಡೆಯಬೇಡಿ. ‘ಇದು ನಿನ್ನ ರೂಟ್ ಫೈಲ್‌ಸಿಸ್ಟಮ್ ಅಲ್ಲ’ ಎಂದು ದೊಡ್ಡ ಅಕ್ಷರದಲ್ಲಿ ಹೆಸರಿಟ್ಟ ಫೈಲನ್ನೇ ಬಿಲ್ಡ್‌ರೂಟಿನವರು ಅಲ್ಲಿ ಇಟ್ಟಿದ್ದಾರೆ. ನೀವು ರೂಟ್ ಅಲ್ಲದ್ದರಿಂದ ಅಲ್ಲಿನ ಫೈಲುಗಳ ಮಾಲೀಕತ್ವ ಸರಿಯಿಲ್ಲ, ಡಿವೈಸ್ ನೋಡುಗಳೂ ಇಲ್ಲ. ಚಿತ್ರಿಕೆ ಮಾಡುವ ಗಳಿಗೆಯಲ್ಲಿ ಫೇಕ್‌ರೂಟ್ ಎಂಬ ಸಲಕರಣೆ ಅವನ್ನೆಲ್ಲ ಸರಿಪಡಿಸುತ್ತದೆ. ಇನ್ನೊಂದು: ಮೆನುವಿನಲ್ಲಿ ಒಂದು ಪ್ಯಾಕೇಜನ್ನು ತೆಗೆದು ಮತ್ತೆ ಮೇಕ್ ಕೊಟ್ಟರೆ ಅದರ ಫೈಲುಗಳು ಹೋಗುವುದಿಲ್ಲ, ಹಾಗೇ ಉಳಿದಿರುತ್ತವೆ. ‘ಮೇಕ್ ಕ್ಲೀನ್’ ಮಾಡಿ ಮೊದಲಿಂದ ಕಟ್ಟಬೇಕು. ಬೇಸರದ ಕೆಲಸ, ಆದರೆ ಬಿಡುಗಡೆಯ ಚಿತ್ರಿಕೆಯನ್ನು ಯಾವಾಗಲೂ ಹೀಗೇ ತೆಗೆಯಿರಿ.

ಬೋರ್ಡು ಮಾತಾಡುವುದು ಸೀರಿಯಲ್ಲಿನಲ್ಲಿ

ಎಸ್‌ಪಿ ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುವ ಯುಎಸ್‌ಬಿ-ಸೀರಿಯಲ್ ತುಂಡು ಈ ಕೆಲಸದ ಮೊದಲ ಉಪಕರಣ. ಕೊಳ್ಳುವಾಗ 3.3 ವೋಲ್ಟಿನದು ಎಂದು ಕೇಳಿ. ಜಂಪರ್ ಇರುವ ಮಾದರಿಯಾದರೆ ಅದನ್ನು 3.3ಕ್ಕೆ ಇಟ್ಟು ಮೀಟರಿನಲ್ಲಿ ಒಮ್ಮೆ ನೋಡಿಕೊಳ್ಳಿ. 5 ವೋಲ್ಟ್ ಕೊಟ್ಟರೆ ಚಿಪ್ಪಿನ ಪಿನ್ನು ಸುಟ್ಟೀತು. ಬೀಗಲ್‌ಬೋನಿನ ಜೆ1 ಸಾಲಿನಲ್ಲಿ 1ನೇ ಪಿನ್ನು ಗ್ರೌಂಡ್, 4 ಬೋರ್ಡು ಕೇಳುವ ಪಿನ್ನು, 5 ಹೇಳುವ ಪಿನ್ನು. ನಿಮ್ಮ ಕೇಬಲಿನ ಹೇಳುವುದು ಬೋರ್ಡಿನ ಕೇಳುವುದಕ್ಕೆ ಹೋಗಬೇಕು. ವೇಗ 115200. ಕೆಂಪು (ಕರೆಂಟಿನ) ವೈರನ್ನು ಎಲ್ಲಿಗೂ ಸೇರಿಸಬೇಡಿ.

ಈಗ ಕರೆಂಟ್ ಕೊಡಿ. ಚಿಪ್ಪಿನೊಳಗೇ ಅಚ್ಚಾಗಿರುವ ರಾಮ್ (ಆರ್ ಓ ಎಂ) ಕೋಡು ಮೊದಲ ಫ್ಯಾಟ್ ಪಾರ್ಟಿಷನ್ನಿನಲ್ಲಿ ‘ಎಂಎಲ್‌ಒ’ ಎಂಬ ಫೈಲನ್ನು ಹುಡುಕುತ್ತದೆ. ಹೊರಗಿನ ರ‍್ಯಾಮ್ ಇನ್ನೂ ಎದ್ದಿಲ್ಲ, ಆದ್ದರಿಂದ ಎಂಎಲ್‌ಒ ಚಿಪ್ಪಿನೊಳಗಿನ ಪುಟ್ಟ ರ‍್ಯಾಮಿನಲ್ಲೇ ಹಿಡಿಸಬೇಕು. ಅದಕ್ಕಿರುವ ಜಾಗ 109 ಕೆಬಿ. ಯು-ಬೂಟಿನ ಆಯ್ಕೆಗಳನ್ನು ಮನಸ್ಸಿಗೆ ಬಂದಂತೆ ಸೇರಿಸಿದರೆ ಮೊದಲು ಒಡೆಯುವುದು ಇದೇ ಮಿತಿ. ಎಂಎಲ್‌ಒ ಬಂದು ದೊಡ್ಡ ರ‍್ಯಾಮನ್ನು ಎಬ್ಬಿಸಿ ಪೂರ್ಣ ಯು-ಬೂಟನ್ನು ಕರೆಯುತ್ತದೆ, ಯು-ಬೂಟ್ ಕರ್ನಲ್ಲನ್ನೂ ಡಿವೈಸ್ ಟ್ರೀಯನ್ನೂ (ಬೋರ್ಡಿನಲ್ಲಿ ಯಾವ ಯಂತ್ರಾಂಶ ಎಲ್ಲಿದೆ ಎಂಬ ವಿವರ) ಏರಿಸುತ್ತದೆ.

ಪರದೆಯ ಮೇಲೆ ಬರೀ ‘ಸಿಸಿಸಿಸಿ’ ಎಂದು ಬರುತ್ತಿದ್ದರೆ ರಾಮ್ ಕೋಡಿಗೆ ಎಲ್ಲೂ ಎಂಎಲ್‌ಒ ಸಿಕ್ಕಿಲ್ಲ, ಸೀರಿಯಲ್ಲಿನಲ್ಲೇ ಕಳಿಸಿ ಎಂದು ಕಾಯುತ್ತಿದೆ ಎಂದರ್ಥ. ಕಾರ್ಡಿನಿಂದ ಏಳಬೇಕಾದ ಬೋರ್ಡು ಒಳಗಿನ ಇಎಂಎಂಸಿ ಫ್ಲ್ಯಾಶಿನಿಂದ ಹಳೆಯ ಲಿನಕ್ಸನ್ನೇ ಎಬ್ಬಿಸುತ್ತಿದ್ದರೆ ಎಸ್2 ಗುಂಡಿಯನ್ನು ಒತ್ತಿ ಹಿಡಿದು ಕರೆಂಟ್ ಕೊಡಬೇಕು. ರೀಸೆಟ್ ಒತ್ತಿ ಪ್ರಯೋಜನವಿಲ್ಲ, ಎಸ್2 ಗುಂಡಿಯನ್ನು ಚಿಪ್ಪು ನೋಡುವುದು ಕರೆಂಟ್ ಬಂದ ಗಳಿಗೆಯಲ್ಲಿ ಮಾತ್ರ. ‘ಸ್ಟಾರ್ಟಿಂಗ್ ಕರ್ನಲ್’ ಎಂದು ಬಂದು ಮೌನವಾದರೆ ನೂರಕ್ಕೆ ತೊಂಬತ್ತು ಸಲ ಕರ್ನಲ್ ಓಡುತ್ತಲೇ ಇರುತ್ತದೆ, ಬೇರೆ ಕಡೆ ಮಾತಾಡುತ್ತಿರುತ್ತದೆ. ಹಳೆಯ ಬರಹಗಳಲ್ಲಿ ಕನ್ಸೋಲ್ ಎಂದರೆ ‘ಟಿಟಿವೈಓ0’ (ನಡುವಿನದು ಅಕ್ಷರ ಓ, ಕೊನೆಯದು ಸೊನ್ನೆ). ಈಗಿನ ಡ್ರೈವರಿನಲ್ಲಿ ಅದು ‘ಟಿಟಿವೈಎಸ್0’. ಉಳಿದ ಹತ್ತು ಸಲ ಡಿವೈಸ್ ಟ್ರೀ ಬೇರೆ ಬೋರ್ಡಿನದು.

ಪ್ಯಾನಿಕ್ (ಕರ್ನಲ್ ಮುಂದೆ ಹೋಗಲಾಗದೆ ನಿಲ್ಲುವುದು) ಬಂದರೆ ಹೆದರಬೇಡಿ, ಸಂಖ್ಯೆ ಓದಿ. ಎಲ್ಲರೂ ‘ಕರ್ನಲ್ ಪ್ಯಾನಿಕ್’ ಎಂಬಷ್ಟನ್ನೇ ಹುಡುಕಾಟಕ್ಕೆ ಹಾಕುತ್ತಾರೆ, ಉತ್ತರ ಅದೇ ಸಾಲಿನ ಕೊನೆಯಲ್ಲಿರುತ್ತದೆ. ‘ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್ ಆನ್ ಅನ್‌ನೋನ್ ಬ್ಲಾಕ್’ ಆದಮೇಲೆ ಬ್ರಾಕೆಟ್ಟಿನಲ್ಲಿ 0,0 ಇದ್ದರೆ ಕರ್ನಲ್ಲಿಗೆ ಆ ಡಿಸ್ಕೇ ಕಂಡಿಲ್ಲ: ಎಂಎಂಸಿ ಡ್ರೈವರ್ ಕರ್ನಲ್ಲಿನೊಳಗೆ ಇಲ್ಲ, ಅಥವಾ ‘ರೂಟ್’ ಸಾಲೇ ತಪ್ಪು, ಅಥವಾ ‘ರೂಟ್‌ವೇಟ್’ ಹಾಕದೆ ಕಾರ್ಡು ಏಳುವ ಮುಂಚೆಯೇ ಹುಡುಕಿದೆ. ಅದೇ ಜಾಗದಲ್ಲಿ 179,2 ಇದ್ದರೆ ಕಾರ್ಡಿನ ಎರಡನೇ ಪಾರ್ಟಿಷನ್ ಸಿಕ್ಕಿದೆ, 179 ಎಂಎಂಸಿಯ ಸಂಖ್ಯೆ. ಅದರ ಮೇಲಿನ ಫೈಲ್‌ಸಿಸ್ಟಮ್ ಓದಲು ಬರುತ್ತಿಲ್ಲ. ಇಎಕ್ಸ್‌ಟಿ4 ಅನ್ನು ಮಾಡ್ಯೂಲ್ ಮಾಡಿಟ್ಟಿದ್ದೀರಿ, ಆ ಮಾಡ್ಯೂಲು ಅದೇ ಇಎಕ್ಸ್‌ಟಿ4 ಒಳಗೆ ಕೂತಿದೆ. ಬೀಗದ ಕೈಯನ್ನು ಪೆಟ್ಟಿಗೆಯೊಳಗಿಟ್ಟು ಪೆಟ್ಟಿಗೆಗೆ ಬೀಗ ಹಾಕಿದ ಹಾಗೆ.

‘ಅಟೆಂಪ್ಟೆಡ್ ಟು ಕಿಲ್ ಇನಿಟ್’ ಎಂದು ಬಂದರೆ (ಇನಿಟ್ ಎಂದರೆ ಕರ್ನಲ್ ಮೊದಲು ಓಡಿಸುವ ಪ್ರೋಗ್ರಾಮು) ಜೊತೆಗಿನ ಎಕ್ಸಿಟ್‌ಕೋಡ್ ನೋಡಿ. ಕೊನೆಯ ಅಂಕಿ 4 ಆಗಿದ್ದರೆ ಅದು ಸಿಗ್ನಲ್ 4, ಅಂದರೆ ಇಲ್ಲೀಗಲ್ ಇನ್‌ಸ್ಟ್ರಕ್ಷನ್. ಆಗಲೇ ಹೇಳಿದ ವಿ6-ವಿ7 ಕಥೆ. ಕೊನೆಯಲ್ಲಿ ‘ಬಿ’ ಇದ್ದರೆ 11, ಸೆಗ್‌ಮೆಂಟೇಶನ್ ಫಾಲ್ಟ್. ‘7ಎಫ್00’ ಇದ್ದರೆ ಎಕ್ಸಿಟ್ ಸ್ಟೇಟಸ್ 127: ಲೋಡರ್ ಸಿಕ್ಕಿದೆ, ಅದಕ್ಕೆ ಬೇಕಾದ ಲೈಬ್ರರಿಯೊಂದು ಸಿಕ್ಕಿಲ್ಲ. ‘ಎರರ್ ಮೈನಸ್ 8’ ಬಂದರೆ ಇನಿಟ್ ಈ ಪ್ರೊಸೆಸರಿನದೇ ಅಲ್ಲ, ಲ್ಯಾಪ್‌ಟಾಪಿನ ಎಕ್ಸ್86 ಬ್ಯುಸಿಬಾಕ್ಸ್ (ಇನಿಟ್, ಶೆಲ್ಲು ಮುಂತಾದ ಆಜ್ಞೆಗಳೆಲ್ಲ ಒಂದೇ ಫೈಲಿನಲ್ಲಿರುವ ಪ್ರೋಗ್ರಾಮು) ಹೋಗಿ ಕೂತಿದೆ. ‘ಮೈನಸ್ 2’ ಅಂದರೆ ಫೈಲು ಇಲ್ಲ, ಅಥವಾ ಮೊದಲು ನೋಡಿದ ಹಾಗೆ ಅದರ ಲೋಡರ್ ಇಲ್ಲ.

ಕರ್ನಲ್ಲನ್ನು ಬಿಲ್ಡ್‌ರೂಟ್ ಹೊರಗೆ ಕೈಯಾರೆ ಕಟ್ಟುವವರಿಗೆ ಎರಡೇ ಮಾತು. ‘ಆರ್ಚ್’ ಮತ್ತು ‘ಕ್ರಾಸ್ ಕಂಪೈಲ್’ ಎರಡನ್ನೂ ಪ್ರತಿ ಮೇಕ್‌ಗೂ ಕೊಡಿ, ಎರಡನೆಯದರ ಕೊನೆಯ ಅಡ್ಡಗೆರೆ ಬಿಡಬೇಡಿ. ಒಮ್ಮೆ ಆರ್ಚ್ ಮರೆತು ಮೆನುಕಾನ್ಫಿಗ್ ತೆರೆದು ಸೇವ್ ಮಾಡಿದಿರೋ, ಆರ್ಮ್ ಕಾನ್ಫಿಗ್ ಅಳಿದು ಎಕ್ಸ್86ದು ಬಂದು ಕೂರುತ್ತದೆ.

ಬೇರೆಯವರ ಪ್ಯಾಕೇಜು, ನಮ್ಮ ಬೋರ್ಡು

ಬಿಲ್ಡ್‌ರೂಟ್ ಪಟ್ಟಿಯಲ್ಲಿ ಇಲ್ಲದ ಪ್ಯಾಕೇಜೊಂದನ್ನು ಸೇರಿಸುವಾಗಲೇ ನಿಜವಾದ ಕೆಲಸ. ಕಟ್ಟುವ ಮುಂಚೆ ಯಂತ್ರದಲ್ಲಿ ಏನೇನಿದೆ ಎಂದು ಪರೀಕ್ಷಿಸುವ, ಪ್ಯಾಕೇಜಿನ ಜೊತೆಗೇ ಬರುವ ಕಾನ್ಫಿಗರ್ ಸ್ಕ್ರಿಪ್ಟಿಗೆ ‘ಹೋಸ್ಟ್’ ಎಂದರೆ ಪ್ರೋಗ್ರಾಮು ಮುಂದೆ ಓಡುವ ಯಂತ್ರ, ಅಂದರೆ ಬೋರ್ಡು. ಕಟ್ಟುವ ಯಂತ್ರ ‘ಬಿಲ್ಡ್’. ನಮ್ಮ ಮಾತಿನಲ್ಲಿ ಹೋಸ್ಟ್ ಎಂದರೆ ಲ್ಯಾಪ್‌ಟಾಪು, ಅದರಿಂದಲೇ ಎಷ್ಟೋ ಜನ ಉಲ್ಟಾ ಕೊಡುತ್ತಾರೆ. ಓಡುವಾಗ ‘ಚೆಕಿಂಗ್ ವೆದರ್ ವಿ ಆರ್ ಕ್ರಾಸ್ ಕಂಪೈಲಿಂಗ್’ ಎದುರು ‘ನೋ’ ಎಂದು ಬಂದರೆ ಅಲ್ಲೇ ನಿಲ್ಲಿಸಿ, ಮುಂದಿನದೆಲ್ಲ ದಂಡ.

ಕಾನ್ಫಿಗರ್ ಕೆಲವು ಪರೀಕ್ಷೆಗಳನ್ನು ಸಣ್ಣ ಪ್ರೋಗ್ರಾಮು ಬರೆದು ಓಡಿಸಿಯೇ ತಿಳಿಯುತ್ತದೆ. ಆರ್ಮ್ ಪ್ರೋಗ್ರಾಮನ್ನು ಲ್ಯಾಪ್‌ಟಾಪಿನಲ್ಲಿ ಓಡಿಸಲಾಗದು, ಆಗ ಅದು ಕೆಟ್ಟದ್ದನ್ನೇ ಊಹಿಸಿಕೊಳ್ಳುತ್ತದೆ. ಇದರ ಪ್ರಸಿದ್ಧ ಫಲ ‘ಅನ್‌ಡಿಫೈನ್ಡ್ ರೆಫರೆನ್ಸ್ ಟು ಆರ್‌ಪಿಎಲ್ ಅಂಡರ್‌ಸ್ಕೋರ್ ಮ್ಯಾಲಕ್’. ನೀವೆಲ್ಲೂ ಬರೆಯದ ಫಂಕ್ಷನ್! ಸೊನ್ನೆ ಬೈಟ್ ಕೇಳಿದರೆ ಬೋರ್ಡಿನ ಮ್ಯಾಲಕ್ ಏನು ಕೊಡುತ್ತದೋ ಗೊತ್ತಾಗದೆ, ಬದಲಿ ಮ್ಯಾಲಕ್ ಇದ್ದೀತು ಎಂದು ಸ್ಕ್ರಿಪ್ಟು ಹೆಸರು ಬದಲಿಸಿಬಿಟ್ಟಿದೆ. ‘ಎಸಿ ಸಿವಿ ಫಂಕ್ ಮ್ಯಾಲಕ್ 0 ನಾನ್‌ನಲ್’ ಎಂಬ ವೇರಿಯಬಲ್ಲಿಗೆ (ಪದಗಳ ನಡುವೆ ಅಂಡರ್‌ಸ್ಕೋರ್) ‘ಯೆಸ್’ ಎಂದು ಮೊದಲೇ ಉತ್ತರ ಕೊಟ್ಟರೆ ಮುಗಿಯಿತು.

ಲೈಬ್ರರಿಗಳು ಎಲ್ಲಿವೆ ಎಂದು ಹೇಳುವ ಪಿಕೆಜಿ-ಕಾನ್ಫಿಗ್ ಇನ್ನೊಂದು ಸಂದು. ‘ಪಿಕೆಜಿ ಕಾನ್ಫಿಗ್ ಪಾತ್’ ಹಾಕಿದರೆ ಲ್ಯಾಪ್‌ಟಾಪಿನ ದಾರಿಗಳ ಜೊತೆಗೆ ನಿಮ್ಮದು ಸೇರುತ್ತದೆ ಅಷ್ಟೆ. ‘ಪಿಕೆಜಿ ಕಾನ್ಫಿಗ್ ಲಿಬ್‌ಡಿರ್’ ಹಾಕಿದರೆ ಲ್ಯಾಪ್‌ಟಾಪಿನ ದಾರಿ ಪೂರ್ತಿ ತೆಗೆದುಹೋಗುತ್ತದೆ. ಬೇಕಾದದ್ದು ಲಿಬ್‌ಡಿರ್, ಜೊತೆಗೆ ‘ಸಿಸ್‌ರೂಟ್ ಡಿರ್’. ಲೈಬ್ರರಿ ಫೈಲು ನುಸುಳಿದರೆ ಲಿಂಕರ್ ‘ಸ್ಕಿಪ್ಪಿಂಗ್ ಇನ್‌ಕಂಪ್ಯಾಟಿಬಲ್’ ಎಂದು ಹೇಳುತ್ತದೆ, ಅದು ಒಳ್ಳೆಯ ದೋಷ. ಹೆಡರ್ ನುಸುಳಿದರೆ ಯಾರೂ ಹೇಳುವುದಿಲ್ಲ. ಲ್ಯಾಪ್‌ಟಾಪಿನ ಹೆಡರಿನಲ್ಲಿ ಲಾಂಗ್ 8 ಬೈಟ್ ಎಂದು ಬರೆದಿಟ್ಟಿದ್ದರೆ, 4 ಬೈಟಿನ ಬೋರ್ಡಿಗೂ ಸದ್ದಿಲ್ಲದೆ ಕಂಪೈಲ್ ಆಗಿ, ಆರು ತಿಂಗಳಾದ ಮೇಲೆ ಕೆಡುತ್ತದೆ. ಕಟ್ಟುವ ಇನ್ನೊಂದು ಸಲಕರಣೆಯಾದ ಸೀಮೇಕ್‌ನಲ್ಲಿ ಟೂಲ್‌ಚೈನ್ ಫೈಲಿನೊಳಗೆ ಪ್ರೋಗ್ರಾಮಿಗೆ ‘ನೆವರ್’, ಲೈಬ್ರರಿ ಮತ್ತು ಇನ್‌ಕ್ಲೂಡಿಗೆ ‘ಓನ್ಲಿ’ ಎಂದು ಬರೆಯುವುದೂ ಇದಕ್ಕೇ.

ಇನ್‌ಸ್ಟಾಲ್ ಮಾಡುವಾಗ ‘ಪ್ರಿಫಿಕ್ಸ್’ ಎಂದರೆ ಬೋರ್ಡಿನಲ್ಲಿ ಇರಬೇಕಾದ ಜಾಗ, ‘ಡೆಸ್ಟ್‌ಡಿರ್’ ಎಂದರೆ ಸದ್ಯಕ್ಕೆ ಲ್ಯಾಪ್‌ಟಾಪಿನಲ್ಲಿ ಇಡುವ ಜಾಗ. ಪ್ರಿಫಿಕ್ಸಿನಲ್ಲೇ ನಿಮ್ಮ ಹೋಮ್ ಫೋಲ್ಡರ್ ಕೊಟ್ಟರೆ ಅದೇ ದಾರಿ ಪ್ರೋಗ್ರಾಮಿನೊಳಗೆ ಅಚ್ಚಾಗಿ, ಬೋರ್ಡಿಗೆ ಹೋದಮೇಲೂ ನಿಮ್ಮ ಹೋಮ್ ಫೋಲ್ಡರಿನಲ್ಲೇ ಕಾನ್ಫಿಗ್ ಫೈಲು ಹುಡುಕುತ್ತದೆ.

ಕಟ್ಟಿದ್ದು ಸರಿ, ಓಡಿದ್ದೂ ಸರಿ, ಆದರೂ ತಪ್ಪು ಎಂಬಂಥ ಒಂದನ್ನು ಹತ್ತಿರದಿಂದ ನೋಡಿ. ‘ಚಾರ್ ಸಿ’ ಎಂದು ಬರೆದು, ಗೆಟ್‌ಚಾರ್ ಕೊಟ್ಟದ್ದನ್ನು ಅದರಲ್ಲಿಟ್ಟು, ಇಓಎಫ್ (ಫೈಲು ಮುಗಿಯಿತೆಂಬ ಗುರುತು) ಬರುವ ತನಕ ಸುತ್ತುವ ಲೂಪು. ಲ್ಯಾಪ್‌ಟಾಪಿನಲ್ಲಿ ನಿಲ್ಲುತ್ತದೆ, ಬೋರ್ಡಿನಲ್ಲಿ ನಿಲ್ಲುವುದೇ ಇಲ್ಲ. ಇಓಎಫ್ ಅಂದರೆ ಮೈನಸ್ 1. ಎಕ್ಸ್86ರಲ್ಲಿ ಚಾರ್‌ಗೆ ಮೈನಸ್ ಚಿಹ್ನೆ ಇದೆ, ಆರ್ಮ್ ಲಿನಕ್ಸಿನಲ್ಲಿ ಇಲ್ಲ. ಮೈನಸ್ 1 ಅಲ್ಲಿ 255 ಆಗಿ ಕೂರುತ್ತದೆ, 255 ಎಂದಿಗೂ ಮೈನಸ್ 1 ಆಗುವುದಿಲ್ಲ. ‘ಇಂಟ್ ಸಿ’ ಎಂದು ತಿದ್ದುವುದೇ ಸರಿಯಾದ ಮದ್ದು. ಹಳೆಯ ಕೋಡು ರಾಶಿಯಿದ್ದರೆ ತಾತ್ಕಾಲಿಕವಾಗಿ ‘ಮೈನಸ್ ಎಫ್ ಸೈನ್ಡ್ ಚಾರ್’.

ಗಡಿಯಾರದ್ದೂ ಇದೇ ಜಾತಿ. 32 ಬಿಟ್ಟಿನ ಸಮಯ 2038ರ ಜನವರಿ 19ರಂದು, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ, ತುಂಬಿಹೋಗುತ್ತದೆ. ಇವತ್ತು ಗೋಡೆಗೆ ಹಾಕುವ ಮೀಟರ್ ಅಷ್ಟು ವರ್ಷ ಬಾಳುವ ವಸ್ತುವೇ. ಮಸಲ್ 1.2ರಿಂದ ಸಮಯ 64 ಬಿಟ್ಟೇ. ಜಿಲಿಬ್‌ಸಿಯಲ್ಲಿ 2.34ರಿಂದ ‘ಟೈಮ್ ಬಿಟ್ಸ್ 64’, ‘ಫೈಲ್ ಆಫ್‌ಸೆಟ್ ಬಿಟ್ಸ್ 64’ ಎರಡನ್ನೂ ಹಾಕಿ ಇಡೀ ವ್ಯವಸ್ಥೆಯನ್ನು ಒಟ್ಟಿಗೆ ಕಟ್ಟಬೇಕು. ಒಂದು ಲೈಬ್ರರಿಗೆ ಹಾಕಿ ಇನ್ನೊಂದಕ್ಕೆ ಬಿಟ್ಟರೆ ಮತ್ತೆ ಅಳತೆ ತಪ್ಪಿದ ರವಿಕೆ. ಅಂದ ಹಾಗೆ, ಟೈಮ್‌ಜೋನ್ ಕಡತಗಳನ್ನೆಲ್ಲ ತುಂಬುವ ಬದಲು ‘ಟಿಝಡ್’ ವೇರಿಯಬಲ್ಲಿಗೆ ‘ಐಎಸ್‌ಟಿ ಮೈನಸ್ 5:30’ ಎಂದು ಕೊಟ್ಟರೆ ಸಾಕು. ಪ್ಲಸ್ ಅಲ್ಲ, ಮೈನಸ್. ಆ ಬರವಣಿಗೆಯಲ್ಲಿ ಗ್ರೀನಿಚ್‌ಗೆ ಪೂರ್ವದವರಿಗೆ ಮೈನಸ್.

ಕರೆಂಟಿನ ವಿಷಯ ಹೇಳದೆ ಮುಗಿಸಲಾಗದು. ಮಳೆಗಾಲದ ಸಂಜೆ ಬೆಂಗಳೂರಿನಲ್ಲಿ ಕರೆಂಟ್ ಹೇಳಿ ಹೋಗುವುದಿಲ್ಲ, ಬೋರ್ಡನ್ನು ಯಾರೂ ಶಟ್‌ಡೌನ್ ಮಾಡುವುದಿಲ್ಲ. ರೂಟ್ ಫೈಲ್‌ಸಿಸ್ಟಮನ್ನು ಸ್ಕ್ವಾಷ್‌ಎಫ್‌ಎಸ್ ಮಾಡಿ, ಓದಲು ಮಾತ್ರ. ಬರೆಯಬೇಕಾದ್ದಕ್ಕೆ ಬೇರೆ ಪಾರ್ಟಿಷನ್. ಅಲ್ಲಿನ ಕಾನ್ಫಿಗ್ ಫೈಲನ್ನು ಇದ್ದ ಜಾಗದಲ್ಲೇ ತಿದ್ದಬೇಡಿ. ಪಕ್ಕದಲ್ಲಿ ಹೊಸ ಫೈಲು ಬರೆದು, ‘ಎಫ್‌ಸಿಂಕ್’ ಮಾಡಿ (ಬರೆದದ್ದು ಡಿಸ್ಕಿಗೆ ಮುಟ್ಟಲೆಂದು), ಆಮೇಲೆ ಹಳೆಯ ಹೆಸರಿಗೆ ‘ರಿನೇಮ್’ ಮಾಡಿ. ಎಫ್‌ಸಿಂಕ್ ಬಿಟ್ಟರೆ ಮರುದಿನ ಹೆಸರು ಸರಿಯಿರುವ, ಒಳಗೆ ಸೊನ್ನೆ ಬೈಟಿರುವ ಫೈಲು ಸಿಕ್ಕೀತು. ಓದಲು ಮಾತ್ರ ಎಂದಾಗ ಬರುವ ಒಂದು ಕಿರಿಕಿರಿ: ಡ್ರಾಪ್‌ಬೇರ್ ಎಂಬ ಪುಟ್ಟ ಎಸ್‌ಎಸ್‌ಎಚ್ ಸರ್ವರ್ ತನ್ನ ಎಸ್‌ಎಸ್‌ಎಚ್ ಕೀಲಿಯನ್ನು ರ‍್ಯಾಮಿನಲ್ಲಿಡುತ್ತದೆ, ಪ್ರತಿ ಬೂಟಿಗೂ ಹೊಸ ಕೀಲಿ, ಪ್ರತಿ ಸಲವೂ ನಿಮ್ಮ ಲ್ಯಾಪ್‌ಟಾಪು ‘ಗುರುತು ಬದಲಾಗಿದೆ’ ಎಂದು ಕೂಗುತ್ತದೆ. ಆ ಕೀಲಿಯ ಜಾಗವನ್ನು ಬರೆಯುವ ಪಾರ್ಟಿಷನ್ನಿಗೆ ತಿರುಗಿಸಿ.

ಕೊನೆಯಲ್ಲಿ ಬಂದ ಪ್ರಶ್ನೆಗಳು

ಬೋರ್ಡಿನ ಮೇಲೇ ಜಿಸಿಸಿ ಹಾಕಿ ಕಂಪೈಲ್ ಮಾಡಿದರೆ ಈ ತಾಪತ್ರಯವೇ ಇಲ್ಲವಲ್ಲ ಸಾರ್?

ಚಿಕ್ಕ ಸಿ ಫೈಲಾದರೆ ಮಾಡಿ. ದೊಡ್ಡ ಸಿ ಪ್ಲಸ್ ಪ್ಲಸ್ ಫೈಲೊಂದೇ 512 ಎಂಬಿ ರ‍್ಯಾಮ್ ತಿಂದುಹಾಕುತ್ತದೆ. ‘ಇಂಟರ್ನಲ್ ಕಂಪೈಲರ್ ಎರರ್: ಕಿಲ್ಡ್’ ಎಂದು ಬಂದರೆ ಅದು ಕಂಪೈಲರಿನ ದೋಷವಲ್ಲ, ಮೆಮೊರಿ ಸಾಲದೆ ಕರ್ನಲ್ಲೇ ಅದನ್ನು ಕೊಂದದ್ದು. ಮೇಲಾಗಿ, ಆ ಬೋರ್ಡಿನಲ್ಲಿ ಹೋದ ತಿಂಗಳು ಯಾರು ಏನು ಇನ್‌ಸ್ಟಾಲ್ ಮಾಡಿದ್ದರೋ ಗೊತ್ತಿರುವುದಿಲ್ಲ. ಬಿಲ್ಡ್‌ರೂಟಿನಲ್ಲಿ ‘ಸೇವ್‌ಡೆಫ್‌ಕಾನ್ಫಿಗ್’ ಮಾಡಿ ಗಿಟ್ಟಿಗೆ ಹಾಕಿದರೆ ಎರಡು ವರ್ಷ ಬಿಟ್ಟೂ ಅದೇ ಚಿತ್ರಿಕೆ ತೆಗೆಯಬಹುದು. ಡೌನ್‌ಲೋಡ್ ಫೋಲ್ಡರನ್ನೂ ಜೋಪಾನ ಮಾಡಿ, ಸೋರ್ಸ್ ಇಟ್ಟ ತಾಣಗಳು ಕಾಣೆಯಾಗುತ್ತವೆ.

ಬೋರ್ಡ್ ಕೊಳ್ಳದೆ ಕಲಿಯಬಹುದಾ ಮೇಡಂ?

ಖಂಡಿತ. ಲ್ಯಾಪ್‌ಟಾಪಿನೊಳಗೇ ಬೋರ್ಡನ್ನು ಅನುಕರಿಸುವ ಕ್ಯೂಎಮು ಎಂಬ ಪ್ರೋಗ್ರಾಮು ಇದೆ. ‘ಕ್ಯೂಎಮು ಆರ್ಮ್ ವಿಎಕ್ಸ್‌ಪ್ರೆಸ್’ ಡೆಫ್‌ಕಾನ್ಫಿಗ್ ಹಾಕಿ ಕಟ್ಟಿದರೆ ಇಮೇಜಸ್ ಫೋಲ್ಡರಿನಲ್ಲೇ ‘ಸ್ಟಾರ್ಟ್-ಕ್ಯೂಎಮು’ ಎಂಬ ಸ್ಕ್ರಿಪ್ಟು ಸಿಗುತ್ತದೆ. ಒಂದೇ ಪ್ರೋಗ್ರಾಮು ನೋಡಬೇಕಿದ್ದರೆ ‘ಕ್ಯೂಎಮು-ಆರ್ಮ್ ಮೈನಸ್ ಎಲ್’ (ದೊಡ್ಡ ಎಲ್) ಎಂದು ಸಿಸ್‌ರೂಟ್ ತೋರಿಸಿ ಲ್ಯಾಪ್‌ಟಾಪಿನಲ್ಲೇ ಓಡಿಸಿ. ಮೊದಲು ಹೇಳಿದ ಚಾರ್ ಲೂಪನ್ನು ಹೀಗೇ ಹಿಡಿಯಬಹುದು.

ಗೋ ಭಾಷೆಯಲ್ಲಿ ಬರೆದರೆ?

‘ಗೋಆರ್ಚ್ ಆರ್ಮ್’, ವಿ6 ಬೋರ್ಡಿಗೆ ‘ಗೋಆರ್ಮ್ 6’, ‘ಸಿಗೋ’ಗೆ (ಗೋ ಒಳಗೆ ಸಿ ಕೋಡು ಸೇರಿಸುವ ಸೌಲಭ್ಯ) ಸೊನ್ನೆ. ಟೂಲ್‌ಚೈನೇ ಬೇಡ. ಸಿಗೋ ಬೇಕಾಯಿತು ಎಂದ ಕ್ಷಣ ಇವತ್ತಿನ ಮಾತೆಲ್ಲ ವಾಪಸ್ ಬಂದಿತು.

ಬೋರ್ಡಿನಲ್ಲಿ ಫೈಲಿನ ಹೆಸರು ಕನ್ನಡದಲ್ಲಿಟ್ಟರೆ ಎಲ್‌ಎಸ್‌ನಲ್ಲಿ ಬರೀ ಪ್ರಶ್ನೆಚಿಹ್ನೆ ಬರುತ್ತದಲ್ಲ, ಫಾಂಟ್ ಹಾಕಬೇಕಾ?

ಫಾಂಟಿನದಲ್ಲ. ಆ ಎಲ್‌ಎಸ್ ಬ್ಯುಸಿಬಾಕ್ಸಿನದು. ಅದರ ಕಾನ್ಫಿಗ್‌ನಲ್ಲಿ ಮೊದಲು ಯೂನಿಕೋಡ್ ಬೆಂಬಲ ಹಾಕಬೇಕು. ಹಾಕಿದ ಮೇಲೂ ‘ಲಾಸ್ಟ್ ಸಪೋರ್ಟೆಡ್ ಡಬ್ಲ್ಯುಚಾರ್’ ಎಂಬ ಆಯ್ಕೆಯೊಂದು 767 ಎಂದು ಇರುತ್ತದೆ. ಅದಕ್ಕಿಂತ ಮೇಲಿನ ಅಕ್ಷರಗಳನ್ನೆಲ್ಲ ಪ್ರಶ್ನೆಚಿಹ್ನೆ ಮಾಡು ಎಂದರ್ಥ. ಯೂನಿಕೋಡಿನಲ್ಲಿ ಕನ್ನಡಕ್ಕೆ ಕೊಟ್ಟಿರುವ ಜಾಗ 3200ರಿಂದ 3327. ಆ ಆಯ್ಕೆಯನ್ನು ಸೊನ್ನೆ ಮಾಡಿದರೆ ಮಿತಿಯೇ ಇರುವುದಿಲ್ಲ. ‘ಮೇಕ್ ಬ್ಯುಸಿಬಾಕ್ಸ್-ಮೆನುಕಾನ್ಫಿಗ್’ ಕೊಟ್ಟು ಬದಲಿಸಿ, ‘ಮೇಕ್ ಬ್ಯುಸಿಬಾಕ್ಸ್-ಅಪ್‌ಡೇಟ್-ಕಾನ್ಫಿಗ್’ ಮಾಡಿ ಉಳಿಸಿಕೊಳ್ಳಿ. ಇಲ್ಲದಿದ್ದರೆ ಮುಂದಿನ ‘ಮೇಕ್ ಕ್ಲೀನ್’ಗೆ 767 ಮತ್ತೆ ಹಾಜರು.